ಗುಲಾಬಿ ಮುಖದ ಬಾಲ್ತಸಾರ

ಬಾಲ್ತಸಾರ ಅಹನೇಲ್ ತನ್ನ ಜೀವಮಾನದಲ್ಲಿ ಒಬ್ಬನೇ ಮನುಷ್ಯನನ್ನು ಇಪ್ಪತ್ತೇಳು ಸಲ ಕೊಂದಿದ್ದ. ಹಾಡುಹಗಲಿನಲ್ಲಿ, ಇಗರ್ಜಿಯ ಮುಂದಿನ ಚೌಕದಲ್ಲಿ, ಇಡೀ ಊರು ನೋಡುತ್ತಿರುವಾಗ. ಕೊಲೆಯಾಗುತ್ತಿದ್ದವನು ದೊಮಿಂಗೊ ಶಿಲೋಹ್. ಅವನು ಪ್ರತಿ ಸಲವೂ ಸತ್ತು, ಶವಪೆಟ್ಟಿಗೆಯಲ್ಲಿ ಚೌಕ ಸುತ್ತಿ, ಸಂಜೆಯ ಹೊತ್ತಿಗೆ ಎದ್ದು, ಎರಡು ಬೋಗುಣಿ ಟರ್ಕಿ ಕೋಳಿಯ ಸಾರು ಕುಡಿದು, ಮರುದಿನ ಎಂದಿನಂತೆ ಮುಸುಕಿನ ಜೋಳದ ಹೊಲಕ್ಕೆ ಹೋಗುತ್ತಿದ್ದ. ಸತ್ತವನಿಗೆ ಒಂದು ರಾತ್ರಿಯ ನಿದ್ದೆ ಸಾಕಾಗುತ್ತಿತ್ತು. ಕೊಂದವನಿಗೆ ಮಾತ್ರ ವರ್ಷವಿಡೀ ಚೇತರಿಕೆ ಇರಲಿಲ್ಲ.

ಗ್ವಾಟೆಮಾಲಾದ ಎತ್ತರದ ಬೆಟ್ಟಗಳ ನಡುವೆ, ನಮ್ಮ ಚುವಾಬಾ ಊರಿನಲ್ಲಿ, ಸಂತ ಆಂದ್ರೇಸನ ಹಬ್ಬದ ದಿನ ಈ ಯುದ್ಧದ ಆಟ ನಡೆಯುತ್ತದೆ. ಸ್ಪೇನಿನಿಂದ ಹಡಗು ಹತ್ತಿ ಬಂದ ಗಡ್ಡದ ಸರದಾರ ಒಂದು ಕಡೆ, ಬೆಟ್ಟದ ರಾಜ ಇನ್ನೊಂದು ಕಡೆ. ಬೆಳಿಗ್ಗೆಯಿಂದ ಕುಣಿತ, ಸವಾಲು, ಜವಾಬು. ಮಧ್ಯಾಹ್ನ ಇಳಿಯುವ ಹೊತ್ತಿಗೆ ರಾಜ ಸಾಯುತ್ತಾನೆ, ಉಳಿದವರು ಶಿಲುಬೆಗೆ ಮಂಡಿಯೂರುತ್ತಾರೆ, ಆಮೇಲೆ ಊಟ. ನಿಜವಾದ ಯುದ್ಧ ನಾಲ್ಕೂವರೆ ಶತಮಾನದ ಹಿಂದೆ ಕೆಲವೇ ದಿನಗಳಲ್ಲಿ ಮುಗಿದುಹೋಯಿತಂತೆ. ನಾವು ಅದನ್ನು ಇನ್ನೂ ಮುಗಿಸಿಲ್ಲ.

ಈ ಆಟದ ಒಂದು ವಿಚಿತ್ರವೆಂದರೆ, ಸೋತವನ ಪಾತ್ರಕ್ಕೆ ಊರೇ ಮುಗಿಬೀಳುತ್ತದೆ, ಗೆದ್ದವನ ಪಾತ್ರ ಯಾರಿಗೂ ಬೇಡ. ಬಾಲ್ತಸಾರನ ಅಪ್ಪ ಒಮ್ಮೆ ವಿಷಮಜ್ವರದಲ್ಲಿ ಮಲಗಿ, ಬದುಕಿ ಎದ್ದರೆ ಸರದಾರನ ವೇಷವನ್ನು ನನ್ನ ಮನೆತನವೇ ಹೊರುತ್ತದೆ ಎಂದು ಸಂತನಿಗೆ ಹರಕೆ ಹೊತ್ತಿದ್ದ. ಸಂತ ಬಹಳ ದಿನದಿಂದ ಇಂಥ ಒಬ್ಬ ಗಿರಾಕಿಗಾಗಿ ಕಾದಿದ್ದನೇನೋ, ಎರಡೇ ದಿನದಲ್ಲಿ ಜ್ವರ ಬಿಟ್ಟಿತು. ಅಪ್ಪನ ಮಂಡಿ ಸವೆದ ಮೇಲೆ ಸರದಾರಿಕೆ ಮಗನಿಗೆ ಬಂತು, ಜಮೀನು ಬರುವ ಹಾಗಲ್ಲ, ಬೋಳುತಲೆ ಬರುವ ಹಾಗೆ.

ಬಾಲ್ತಸಾರನಿಗೆ ಓದು ಬರುತ್ತಿರಲಿಲ್ಲ. ಆದರೂ ಸರದಾರನ ಮುನ್ನೂರು ಚಿಲ್ಲರೆ ಸಾಲುಗಳನ್ನು, ಈಗ ಸ್ಪೇನಿನವರೇ ಮರೆತಿರಬಹುದಾದ ಹಳೆಯ ಸ್ಪ್ಯಾನಿಷಿನಲ್ಲಿ, ಕೇಳಿ ಕೇಳಿ ಬಾಯಿಪಾಠ ಮಾಡಿದ್ದ. ಅರ್ಧದ ಅರ್ಥ ಅವನಿಗೆ ಗೊತ್ತಿರಲಿಲ್ಲ. ಇನ್ನರ್ಧದ ಅರ್ಥ ಗೊತ್ತಾದದ್ದಕ್ಕೆ ಅವನಿಗೆ ನಾಚಿಕೆಯಿತ್ತು. ಗುಲಾಬಿ ಬಣ್ಣದ ಮರದ ಮುಖ, ಚಿನ್ನದ ಗುಂಗುರು ಮೀಸೆ, ಗಾಜಿನ ನೀಲಿ ಕಣ್ಣು, ತಲೆಯ ಮೇಲೆ ಮೂರು ಬಣ್ಣದ ಗರಿಗಳು. ಇಷ್ಟನ್ನು ಹೊತ್ತು ಅವನು ಚೌಕಕ್ಕೆ ಇಳಿದರೆ ಮೊದಲ ಸ್ವಾಗತ ಕಿತ್ತಳೆ ಸಿಪ್ಪೆಯದು, ಎರಡನೆಯದು ತಿಂದು ಬಿಟ್ಟ ಜೋಳದ ದಿಂಡಿನದು. ಹಬ್ಬ ಮುಗಿದರೂ ಅದು ಮುಗಿಯುತ್ತಿರಲಿಲ್ಲ. ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳು ಅವನನ್ನು ಕಂಡರೆ ಬುಟ್ಟಿ ಮುಚ್ಚಿ, "ಬಂದ್ಯೇನಪ್ಪಾ ಸರದಾರ? ನಮ್ಮ ಬೆಟ್ಟ ತಗೊಂಡಾಯ್ತು, ಇನ್ನು ಮೆಣಸಿನಕಾಯಿ ಬೇಕಾ?" ಎನ್ನುತ್ತಿದ್ದಳು. ಬಟ್ಟೆ ಒಗೆಯುವ ತೊಟ್ಟಿಯ ಹತ್ತಿರ ಹೆಂಗಸರು ಅವನ ಹೆಂಡತಿ ಕೊಲಾಸಳಿಗೆ ಕಟ್ಟಕಡೆಯ ಕಲ್ಲು ಬಿಟ್ಟುಕೊಡುತ್ತಿದ್ದರು.

ವರ್ಷದ ಉಳಿದ ದಿನಗಳಲ್ಲಿ ಈ ಭಯಂಕರ ದಂಡನಾಯಕ ಕಂಬಳಿ ನೇಯುತ್ತಿದ್ದ. ಅಂಗಳದಲ್ಲಿ ಎರಡು ಮಗ್ಗ. ಅವನದು ಕಾಲಿನಿಂದ ತುಳಿಯುವ ದೊಡ್ಡ ಮಗ್ಗ, ಕುರಿಗಳ ಜೊತೆ ಹಡಗಿನಲ್ಲಿ ಬಂದ ಜಾತಿಯದು. ಕೊಲಾಸಳದು ಒಂದು ತುದಿಯನ್ನು ಜಗುಲಿಯ ಕಂಬಕ್ಕೂ ಇನ್ನೊಂದನ್ನು ಸೊಂಟಕ್ಕೂ ಕಟ್ಟಿಕೊಂಡು ನೇಯುವ ಪಟ್ಟಿಮಗ್ಗ, ಹಡಗಿಗಿಂತ ಎಷ್ಟೋ ಹಿಂದಿನದು. "ನಿನ್ನ ಮಗ್ಗ ನಿಲ್ಲಕ್ಕೆ ನಾಲ್ಕು ಕಾಲು ಬೇಕು. ನನ್ನದಕ್ಕೆ ನಾನೊಬ್ಬಳು ಸಾಕು," ಎಂದು ಅವಳು ಅಣಕಿಸುತ್ತಿದ್ದಳು. ಅವನು ತುಳಿಯುತ್ತಲೇ ಇದ್ದ, ಟಕ್ಕ ಟಕ್ಕ. ಮಗ್ಗದ ಮುಂದೆ ಕೂತರೆ ಅವನ ಕೈಕಾಲು ಅವನನ್ನು ಕೇಳದೆಯೇ ಕೆಲಸ ಮಾಡುತ್ತಿದ್ದವು. ಒಮ್ಮೆ ಕೂತಲ್ಲೇ ನಿದ್ದೆ ಹೋಗಿ ಒಂದು ಗೇಣು ಕಂಬಳಿ ನೇಯ್ದಿದ್ದನೆಂದು ಊರಿನಲ್ಲಿ ಪ್ರತೀತಿ. ಆ ಒಂದು ಗೇಣಿನಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲವಂತೆ.

ಅವನಿಗೆ ಸಿಪ್ಪೆಯ ಏಟು ನೋಯುತ್ತಿರಲಿಲ್ಲ. ನೋಯುತ್ತಿದ್ದದ್ದು ಬೇರೆ. ರಾಜ ಬಿದ್ದ ಕೂಡಲೇ ಚೌಕದ ತೆಂಕು ಮೂಲೆಯಲ್ಲಿ ನಿಂತ ಹೆಂಗಸರು ಅಳಲು ಶುರುಮಾಡುತ್ತಾರೆ. ಅದು ಪಾಠದಲ್ಲಿ ಬರೆದದ್ದಲ್ಲ, ಯಾರೂ ಹೇಳಿಕೊಟ್ಟದ್ದಲ್ಲ, ನಿಜವಾದ ಅಳು. ಆ ಅಳುವಿನಲ್ಲಿ ಕೊಲಾಸಳ ದನಿ ಅವನಿಗೆ ಬೇರೆಯಾಗಿ ಕೇಳುತ್ತಿತ್ತು. ಅವಳ ಅಳು ಒಂದೇ ಉಸಿರಿನಲ್ಲಿ ಮೇಲಕ್ಕೇರಿ, ನಡುವೆ ನೂಲು ಕಡಿದ ಹಾಗೆ ಒಂದು ಕ್ಷಣ ತಡೆದು, ಮತ್ತೆ ಗಂಟು ಹಾಕಿಕೊಂಡು ಮುಂದುವರಿಯುತ್ತಿತ್ತು. ಕೈಯಲ್ಲಿ ಕತ್ತಿ ಹಿಡಿದು, ದೊಮಿಂಗೊನ ಹೊಟ್ಟೆಯ ಮೇಲೆ ಒಂದು ಕಾಲಿಟ್ಟು, ವಿಜಯದ ಹದಿನೆಂಟು ಸಾಲು ಹೇಳುವಾಗ ಬಾಲ್ತಸಾರನ ಕಿವಿ ಆ ಕಡಿದ ನೂಲಿನ ಮೇಲೆ ಇರುತ್ತಿತ್ತು. ಅವನ ಹೆಂಡತಿ ದೊಮಿಂಗೊನಿಗಾಗಿ ಅಳುತ್ತಿದ್ದಾಳೆ. ಜೋಳದ ಹೊಲದಲ್ಲಿ ಅರ್ಧ ದಿನ ಮಲಗಿರುವ, ಸ್ವಂತ ನಾಯಿಯೂ ಮಾತು ಕೇಳದ ದೊಮಿಂಗೊನಿಗಾಗಿ! ನಲವತ್ತು ವರ್ಷದ ಸಂಸಾರದಲ್ಲಿ ಅವಳು ಬಾಲ್ತಸಾರನಿಗಾಗಿ ಒಮ್ಮೆಯೂ ಹಾಗೆ ಅತ್ತಿರಲಿಲ್ಲ. ಅವನು ಏಣಿಯಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡಾಗಲೂ ಅವಳು ಕೇಳಿದ್ದು ಏಣಿ ಮುರಿಯಿತಾ ಎಂದು.

ಒಂದೇ ಒಂದು ಸಲ, ತನ್ನ ಕಿವಿ ಕೇಳಿಸುತ್ತಿರುವಾಗಲೇ, ಆ ಅಳು ತನಗಾಗಿ ಬರಬೇಕು. ಐವತ್ತೆಂಟನೆಯ ವಯಸ್ಸಿನಲ್ಲಿ ಬಾಲ್ತಸಾರನಿಗೆ ಲೋಕದಲ್ಲಿ ಬೇಕಾಗಿದ್ದದ್ದು ಇಷ್ಟೇ. ಅದಕ್ಕೆ ಅವನು ರಾಜನಾಗಿ ಸಾಯಬೇಕಿತ್ತು. ಆದರೆ ರಾಜ ದೊಮಿಂಗೊ ಸಾಯುವುದರಲ್ಲಿ ಗಟ್ಟಿಗನಾಗಿದ್ದ, ಬಿಟ್ಟುಕೊಡುವವನಲ್ಲ.

ಕೊನೆಗೂ ದೊಮಿಂಗೊನನ್ನು ಸಿಂಹಾಸನದಿಂದ ಇಳಿಸಿದ್ದು ಕತ್ತಿಯಲ್ಲ, ಸಾರು. ಸತ್ತ ರಾಜನಿಗೆ ಮನೆಮನೆಯಿಂದ ಟರ್ಕಿ ಕೋಳಿಯ ಸಾರು ಕಳಿಸುವುದು ವಾಡಿಕೆ. ಸರದಾರನಿಗೆ ವಾಡಿಕೆಯ ಪ್ರಕಾರ ಒಣ ಬ್ರೆಡ್ಡು. ಇಪ್ಪತ್ತೇಳು ವರ್ಷದ ಸಾರು ದೊಮಿಂಗೊನ ಸೊಂಟದ ಸುತ್ತ ಕೋಟೆ ಕಟ್ಟಿಕೊಂಡಿತ್ತು. ಊರಿಗೆ ಕರೆಂಟು ಬಂದ ವರ್ಷದ ಹಬ್ಬದಲ್ಲಿ, ಪೆಟ್ಟಿಗೆ ಹೊತ್ತ ನಾಲ್ವರು ಇಗರ್ಜಿಯ ಮೂರನೆಯ ಮೆಟ್ಟಿಲಿನಲ್ಲಿ ಮುಗ್ಗರಿಸಿದರು. ಬೆಟ್ಟದ ರಾಜ ಪೆಟ್ಟಿಗೆಯಿಂದ ಉರುಳಿ, ಪಾಠದಲ್ಲಿ ಇಲ್ಲದ, ಹೆಂಗಸರ ಮುಂದೆ ಆಡಬಾರದ ಒಂದು ಮಾತನ್ನು ಗಟ್ಟಿಯಾಗಿ ಆಡಿದ. ಅಳುತ್ತಿದ್ದವರು ನಕ್ಕರು. ರಾಜನ ಸಾವಿಗೆ ನಕ್ಕ ಊರಿಗೆ ಒಳ್ಳೆಯದಾಗುವುದಿಲ್ಲ ಎಂದು ಹಿರಿಯರು ಗೊಣಗಿದರು. ಹೆಗಲು ಕೊಡುವ ನಾಲ್ವರೂ, ಮುಂದಿನ ವರ್ಷ ಇವನೇ ಸಾಯುವುದಾದರೆ ನಾವು ಸಿದ್ಧರಿಲ್ಲ, ಎತ್ತಿನಗಾಡಿ ತರಿಸಿ ಎಂದರು.

ಬಾಲ್ತಸಾರ ಮೂಳೆಚಕ್ಕಳದ ಮನುಷ್ಯ. ಒಂದು ಕೈಯಲ್ಲಿ ಎತ್ತಬಹುದಾದ ಹೆಣ. ಅವನು ವಾಡಿಕೆಯಂತೆ ಹೆಣ್ಣು ಕೇಳಲು ಹೋಗುವ ಹಾಗೆ ಮೂರು ಸಲ, ಬಗಲಲ್ಲಿ ಸಾರಾಯಿ ಸೀಸೆ, ಕೈಯಲ್ಲಿ ಮೇಣದಬತ್ತಿ ಹಿಡಿದು ಕುಣಿತದ ಗುರು ಸಿಪ್ರಿಯಾನನ ಮನೆಗೆ ಹೋದ. ಆಟದ ಹಳೆಯ ಕೈಬರಹದ ಪುಸ್ತಕ ಇರುವುದು ಸಿಪ್ರಿಯಾನನ ಪೆಟ್ಟಿಗೆಯಲ್ಲಿ, ಆದ್ದರಿಂದ ಯಾರು ಸಾಯಬೇಕು ಯಾರು ಕೊಲ್ಲಬೇಕು ಎಂಬುದೂ ಅವನ ಕೈಯಲ್ಲಿ. ಮೊದಲ ಎರಡು ಸಲ ಸಿಪ್ರಿಯಾನ ಹವಾಮಾನದ ಬಗ್ಗೆ ಮಾತಾಡಿ ಸೀಸೆ ಮಾತ್ರ ಒಳಗಿಟ್ಟುಕೊಂಡ. ಮೂರನೆಯ ಸಲ ಬಾಯಿಬಿಟ್ಟ.

"ಸರದಾರ ಯಾರಾಗ್ತಾನೆ? ಹರಕೆ ನಿನ್ನ ಮನೆದು."

ಅದಕ್ಕೆ ಬಾಲ್ತಸಾರನ ಬಳಿ ಉತ್ತರ ಸಿದ್ಧವಿತ್ತು: ಅಳಿಯ ಮಾತಿಯಾಸ. ಬ್ರೆಡ್ಡು ಸುಡುವವನು, ದುಂಡಗೆ, ಬೆಳ್ಳಗೆ, ಹಿಟ್ಟು ಮೆತ್ತಿಕೊಂಡರೆ ಅರ್ಧ ವೇಷ ಆಗಲೇ ಮುಗಿದಂತೆ. ಹೇಳಿದ್ದನ್ನು ಎದುರಾಡದೆ ಮಾಡುವವನು.

ಸಿಪ್ರಿಯಾನ ಬಹಳ ಹೊತ್ತು ಅವನ ಬಲಗೈಯನ್ನು ನೋಡಿದ. "ಮುಖವಾಡ ಬದಲಾಯಿಸಬಹುದು ಬಾಲ್ತಸಾರ. ಕೈಯನ್ನ ಎಲ್ಲಿ ಬದಲಾಯಿಸ್ತೀಯ?"

ಬಾಲ್ತಸಾರ ಅದನ್ನು ವಯಸ್ಸಿನ ಮಾತು ಎಂದುಕೊಂಡು, ಕೈ ಇನ್ನೂ ಗಟ್ಟಿಯಾಗಿದೆ ಎಂದು ಎತ್ತಿ ತೋರಿಸಿ ಬಂದ.

ಮನೆಯಲ್ಲಿ ಕೊಲಾಸ ಕೇಳಿದ್ದು ಒಂದೇ. "ಈ ವಯಸ್ಸಲ್ಲಿ ಸಾಯೋ ಆಸೆ ಯಾಕೆ ಬಂತು ನಿನಗೆ?"

ಮುನ್ನೂರು ಸಾಲು ಬಾಯಿಪಾಠ ಇದ್ದವನಿಗೆ ನಿಜ ಕಾರಣದ ಒಂದು ಸಾಲು ಹೇಳಲು ಬರಲಿಲ್ಲ. "ಸೊಂಟ ನೋವು," ಎಂದ. "ರಾಜನಿಗೆ ಕುಣಿಯೋದು ಕಮ್ಮಿ, ಮಲಗೋದು ಜಾಸ್ತಿ."

ಮಾತಿಯಾಸನ ಶಿಕ್ಷಣ ಬ್ರೆಡ್ಡಿನ ಒಲೆಯ ಮುಂದೆ ನಡೆಯಿತು. ಮಾವ ಒಂದು ಸಾಲು ಹೇಳುವುದು, ಅಳಿಯ ಹಿಟ್ಟು ನಾದುತ್ತ ತಿರುಗಿ ಹೇಳುವುದು. ಶರಣಾಗು, ಇಲ್ಲವೇ ನಿನ್ನ ಬೆಟ್ಟಗಳನ್ನು ಬೂದಿ ಮಾಡುತ್ತೇನೆ ಎಂಬ ಭಾಗಕ್ಕೆ ಬರುವಾಗ ಬ್ರೆಡ್ಡೇ ಬೂದಿಯಾಗುತ್ತಿತ್ತು. ಎರಡು ತಿಂಗಳು ಊರು ಕರಕಲು ಬ್ರೆಡ್ಡು ತಿಂದಿತು, ಇದೂ ಸರದಾರನ ದಾಳಿಯೇ ಎಂದು ಬೈದುಕೊಂಡಿತು. ಸಂಜೆ ಸಿಪ್ರಿಯಾನನ ಅಂಗಳದಲ್ಲಿ ಎಲ್ಲರಿಗೂ ಅಭ್ಯಾಸ. ಆದರೆ ಅಲ್ಲಿ ಒಂದನ್ನು ಮಾತ್ರ ಅಭ್ಯಾಸ ಮಾಡುವಂತಿಲ್ಲ, ಸಾವನ್ನು. ರಾಜ ವರ್ಷಕ್ಕೊಮ್ಮೆ ಮಾತ್ರ ಸಾಯಬೇಕು, ಹಬ್ಬಕ್ಕೆ ಮೊದಲೇ ಸತ್ತರೆ ಯಾರ ಮನೆಯಲ್ಲೋ ನಿಜವಾದ ಹೆಣ ಬೀಳುತ್ತದೆ. ಹಾಗಾಗಿ ಕೊನೆಯ ಕಾಳಗಕ್ಕೆ ಬರುತ್ತಲೇ ಸಿಪ್ರಿಯಾನ ಪುಸ್ತಕ ಮುಚ್ಚಿ, "ಇಲ್ಲಿಂದ ಮುಂದೆ ನಿಮಗೇ ಗೊತ್ತು," ಎನ್ನುತ್ತಿದ್ದ. ಗೊತ್ತಿತ್ತು, ನಿಜ. ಯಾರ ಕೈಗೆ ಏನು ಗೊತ್ತಿದೆ ಎಂದು ಯಾರೂ ಕೇಳಲಿಲ್ಲ.

ಹಬ್ಬದ ದಿನ ಚೌಕಕ್ಕೆಲ್ಲ ಪೈನ್ ಎಲೆ ಹಾಸಿದ್ದರು, ಹಸಿರು ಸೂಜಿಗಳ ಹಾಗೆ, ಕಾಲಿಟ್ಟರೆ ಜಾರುತ್ತಿತ್ತು. ಧೂಪದ ಹೊಗೆ ಇಗರ್ಜಿಯ ಗಂಟೆಯವರೆಗೂ ಏರಿತ್ತು. ಬಾಲ್ತಸಾರ ಕಂದು ಬಣ್ಣದ ರಾಜಮುಖವನ್ನು ಧರಿಸಿ, ತಲೆಯ ಮೇಲೆ ಉದ್ದ ಹಸಿರು ಬಾಲದ ಮರದ ಹಕ್ಕಿ, ಕೈಯಲ್ಲಿ ಮರದ ಕೊಡಲಿ ಹಿಡಿದು ಇಳಿದಾಗ ಒಂದೂ ಸಿಪ್ಪೆ ಬೀಳಲಿಲ್ಲ. ಬದಲಿಗೆ ಮೆಣಸಿನಕಾಯಿಯವಳು ಎದೆಯ ಮೇಲೆ ಕೈಯಿಟ್ಟು ತಲೆಬಾಗಿದಳು! ಸಿಪ್ಪೆಗಳೆಲ್ಲ ಮಾತಿಯಾಸನ ಮೇಲೆ ಬಿದ್ದವು. ಅಳಿಯನ ಗುಲಾಬಿ ಕೆನ್ನೆಗೆ ಮೊದಲ ಜೋಳದ ದಿಂಡು ತಾಗಿದಾಗ ಮಾವನಿಗೆ, ಹೇಳಬಾರದು, ಹೊಟ್ಟೆ ತಂಪಾಯಿತು.

ಬೆಳಿಗ್ಗೆ ಪೂರ್ತಿ ಬಾಲ್ತಸಾರ ಚೆನ್ನಾಗಿಯೇ ರಾಜನಾದ. ಬೆಟ್ಟಗಳನ್ನು ಒಂದೊಂದಾಗಿ ಹೆಸರಿಸಿ ಬೀಳ್ಕೊಳ್ಳುವ ಮಾತುಗಳನ್ನು ಅವನು ಎಷ್ಟು ಮೆಲ್ಲಗೆ ಹೇಳಿದನೆಂದರೆ, ಬೆಟ್ಟಗಳೇ ಬಗ್ಗಿ ಕೇಳಬೇಕಾಯಿತು. ಜನರ ನಡುವೆ ದೊಮಿಂಗೊ ಹೊಸ ಅಂಗಿ ತೊಟ್ಟು ಮುಖ ಊದಿಸಿಕೊಂಡು ನಿಂತಿದ್ದ. ತೆಂಕು ಮೂಲೆಯಲ್ಲಿ ಹೆಂಗಸರು ಶಾಲು ಸರಿಮಾಡಿಕೊಂಡು ತಯಾರಾಗುತ್ತಿದ್ದರು. ಮುಖವಾಡದ ಕಿಂಡಿಯಿಂದ ಬಾಲ್ತಸಾರ ಕೊಲಾಸಳನ್ನು ಹುಡುಕಿ ಕಂಡುಕೊಂಡ. ನೀಲಿ ಶಾಲು. ಇನ್ನೇನು, ಅಂದುಕೊಂಡ.

ಕಾಳಗ ಶುರುವಾಯಿತು. ಬಲಕ್ಕೆ ಮೂರು ಸುತ್ತು, ಎಡಕ್ಕೆ ಮೂರು ಸುತ್ತು, ಕತ್ತಿಗೆ ಕೊಡಲಿ ಎರಡು ಸಲ ತಾಗಬೇಕು. ಆಮೇಲೆ ಪೀಪಿಯವನು ಒಂದು ಚೂಪು ಸ್ವರ ಹಿಡಿಯುತ್ತಾನೆ, ಕಿವಿಯ ಮೂಲಕ ಹೊಕ್ಕು ಹಲ್ಲಿನಲ್ಲಿ ಕೂರುವಂಥದು. ಆ ಸ್ವರಕ್ಕೆ ರಾಜ ಎರಡೂ ತೋಳು ಬಿಚ್ಚಿ ನಿಲ್ಲಬೇಕು, ಸರದಾರನ ಕೈ ಏಳಬೇಕು.

ಚೂಪು ಸ್ವರ ಬಂತು. ಮಾತಿಯಾಸ ತನ್ನ ಸಾಲು ನೆನಪಿಸಿಕೊಳ್ಳುತ್ತ ಅರೆಕ್ಷಣ ತಡಮಾಡಿದ. ಬಾಲ್ತಸಾರನ ಬಲಗೈ ತಡಮಾಡಲಿಲ್ಲ. ಇಪ್ಪತ್ತೇಳು ವರ್ಷ ಆ ಸ್ವರಕ್ಕೆ ಎದ್ದ ಕೈ ಅದು. ಅದಕ್ಕೆ ಮುಖವಾಡದ ಬಣ್ಣ ಗೊತ್ತಿರಲಿಲ್ಲ, ಇತಿಹಾಸವೂ ಗೊತ್ತಿರಲಿಲ್ಲ. ಎದ್ದಿತು, ಇಳಿಯಿತು, ಮರದ ಕೊಡಲಿ ಸರದಾರನ ಎದೆಯ ತಗಡಿಗೆ ಢಣ್ಣೆಂದು ಬಡಿಯಿತು. ಮಾವನ ಏಟಿಗೆ ಅಳಿಯ ಬೀಳುವುದು ಲೋಕರೂಢಿ. ಮಾತಿಯಾಸ ಪೈನ್ ಎಲೆಯ ಮೇಲೆ ಜಾರಿ, ಗರಿ ಮೀಸೆ ಸಮೇತ ಅಂಗಾತ ಬಿದ್ದ.

ಡೋಲು ನಿಂತಿತು. ಪೀಪಿಯವನ ಕೆನ್ನೆಯಲ್ಲಿ ಗಾಳಿ ಉಳಿದಿದ್ದರಿಂದ ಸ್ವರ ಮಾತ್ರ ಇನ್ನೂ ಸ್ವಲ್ಪ ಹೊತ್ತು ಮುಂದುವರಿದು, ತಾನಾಗಿಯೇ ತೆಳ್ಳಗಾಗಿ ಹೋಯಿತು.

ಚುವಾಬಾ ಊರಿನಲ್ಲಿ ಸರದಾರ ಸತ್ತುಬಿದ್ದಿದ್ದ. ರಾಜ ನಿಂತಿದ್ದ.

ಯಾರೂ ನಗಲಿಲ್ಲ. ಸಿಪ್ರಿಯಾನ ಪುಸ್ತಕ ತೆರೆದು ಹಾಳೆ ತಿರುವಿದ, ಮತ್ತೆ ತಿರುವಿದ. ರಾಜ ಸತ್ತ ಮೇಲೆ ನಡೆಯಬೇಕಾದದ್ದು ನಲವತ್ತು ಹಾಳೆಯಿತ್ತು. ರಾಜ ಉಳಿದರೆ ನಡೆಯಬೇಕಾದದ್ದು ಒಂದು ಸಾಲೂ ಇರಲಿಲ್ಲ. ಸರದಾರನ ದಂಡಿನ, ಗುಲಾಬಿ ಮುಖದ ಹನ್ನೊಂದು ಮಂದಿ ಸಿಪಾಯಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಆಗ ರಾಜನ ಕಡೆಯ ಒಬ್ಬ ಯೋಧ, ದಿನನಿತ್ಯ ಅವರ ಜೊತೆಗೇ ಸೌದೆ ಕಡಿಯುವವನು, ಮೆಲ್ಲಗೆ ಹೇಳಿದ. "ಹಾಗಾದ್ರೆ ನೀವಿನ್ನು ಹೊರಡಿ ಮತ್ತೆ."

ಅವರು ಹೊರಟರು! ಇದನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. ಹನ್ನೊಂದು ಮಂದಿಯೂ ಕತ್ತಿ ಒರೆಗೆ ಸೇರಿಸಿ, ಸಾಲಾಗಿ, ತಲೆ ತಗ್ಗಿಸಿ, ಚೌಕ ದಾಟಿ ರಾಜಧಾನಿಯ ಬಸ್ಸು ನಿಲ್ಲುವ ದಾರಿಯ ಕಡೆ ನಡೆದರು. ಸಮುದ್ರ ಆ ಕಡೆ ಇದೆ ಎಂದು ಅವರಿಗೆ ಯಾರೋ ಹೇಳಿದ್ದಿರಬೇಕು. ಜನ ದಾರಿ ಬಿಟ್ಟರು. ಚೌಕದ ಅಂಚಿನಲ್ಲಿ ಕೊನೆಯ ಸಿಪಾಯಿಯ ತೋಳನ್ನು ಅವನ ತಾಯಿ ಹಿಡಿದುಕೊಂಡಳು. "ನೀನೆಲ್ಲಿ ಹೊರಟೆ ಮಗಾ? ನಮ್ಮ ಮನೆ ಈ ಕಡೆ." ಅವನು ನಿಂತ. ಮುಂದಿದ್ದವರೂ ನಿಂತರು. ಗುಲಾಬಿ ಮುಖಗಳೆಲ್ಲ ಹಿಂದಕ್ಕೆ ತಿರುಗಿ, ಹೋಗುವುದೋ ಇರುವುದೋ ತಿಳಿಯದೆ, ರಾಜನ ಕಡೆ ನೋಡಿದವು.

ಊರಿನಲ್ಲೇ ಹಿರಿಯಳಾದ ತಿಬುರ್ಸಿಯಾ ಅಜ್ಜಿ ಕುರ್ಚಿಯಿಂದ ಎದ್ದು ನಿಂತಿದ್ದಳು. ಅವಳ ಕಣ್ಣು ಮಬ್ಬು, ನಡೆದದ್ದನ್ನು ಮೊಮ್ಮಗಳು ಕಿವಿಯಲ್ಲಿ ಹೇಳಿದ್ದಳು. ಅಜ್ಜಿ ಯಾರನ್ನೂ ಉದ್ದೇಶಿಸದೆ ಕೇಳಿದಳು. "ಹಾಗಾದ್ರೆ ಸತ್ತವರೆಲ್ಲ ಮನೆಗೆ ಬರ್ತಾರಾ?"

ಸಿಡುಬಿನಲ್ಲಿ ಹೋದವರು, ಗಣಿಗೆ ಹೋದವರು, ಕತ್ತಿಗೆ ಹೋದವರು. ನಾಲ್ಕೂವರೆ ಶತಮಾನದ ಜನ ಬೆಟ್ಟ ಇಳಿದು ಊಟಕ್ಕೆ ಬರುತ್ತಾರೇನೋ ಎಂಬ ಹಾಗೆ ಒಂದಿಬ್ಬರು ಹಿಂದಿರುಗಿ ದಾರಿ ನೋಡಿಯೂ ಬಿಟ್ಟರು.

ಬಾಲ್ತಸಾರ ಕೊಡಲಿ ಹಿಡಿದೇ ನಿಂತಿದ್ದ. ರಾಜಮುಖದ ಒಳಗೆ ಬೆವರು ಕಣ್ಣಿಗೆ ಇಳಿಯುತ್ತಿತ್ತು. ಅವರು ಹೋದರೆ, ಎಂದು ಅವನ ತಲೆ ಲೆಕ್ಕ ಹಾಕತೊಡಗಿತು, ಅವರು ತಂದದ್ದೂ ಹೋಗಬೇಕು. ಇಗರ್ಜಿಯ ಗಂಟೆ ಹೋಗಲಿ. ಕುದುರೆ, ಕೋಳಿ, ಮಾತಿಯಾಸನ ಗೋಧಿ ಹಿಟ್ಟು. ಕುರಿ? ಕುರಿ ಹೋದರೆ ಮಗ್ಗ ಯಾಕೆ, ಅದೂ ಹಡಗು ಹತ್ತಲಿ. ಕೊಲಾಸಳ ಮಗ್ಗ ಉಳಿಯುತ್ತದೆ, ಅವಳದು ಅವಳ ಸೊಂಟಕ್ಕೇ ಕಟ್ಟಿದೆ. ಕೊಲಾಸ ಎಂಬ ಹೆಸರು ಉಳಿಯುವುದಿಲ್ಲ, ಅದೂ ಹಡಗಿನಲ್ಲಿ ಬಂದದ್ದೇ. ಬಾಲ್ತಸಾರ ಎಂಬುದೂ. ಹಾಗಾದರೆ ತನ್ನ ಹೆಸರೇನು? ಅವನ ಸ್ವಂತ ಅಜ್ಜಿ ಬದುಕಿದ್ದಾಗ, ನೀನು ಹುಟ್ಟಿದ್ದು ನಮ್ಮ ಹಳೆಯ ದಿನದೆಣಿಕೆಯ ಇಂಥ ದಿನ, ಹಿಂದಿನ ಕಾಲವಾದರೆ ನಿನಗೆ ಆ ದಿನದ ಹೆಸರನ್ನೇ ಇಡುತ್ತಿದ್ದರು ಎಂದಿದ್ದಳು. ಆ ದಿನ ಯಾವುದೆಂದು ಅವನು ಮರೆತಿದ್ದ. ಇಡೀ ಚೌಕ ತನ್ನನ್ನೇ ನೋಡುತ್ತಿರುವಾಗ, ಬೆಟ್ಟಗಳನ್ನೆಲ್ಲ ಗೆದ್ದು ನಿಂತಿರುವಾಗ, ಅವನಿಗೆ ಆ ಹೆಸರು ಬೇಕಾಗಿತ್ತು, ಬಾಯಾರಿದವನಿಗೆ ನೀರು ಬೇಕಾದ ಹಾಗೆ. ಎಷ್ಟು ತಡಕಿದರೂ ನಾಲಿಗೆಗೆ ಬಂದದ್ದು ಸರದಾರನ ಸಾಲುಗಳೇ.

"ಮಾವ," ಎಂದಿತು ನೆಲದ ಮೇಲಿನ ಹೆಣ, ಮೀಸೆಯ ಒಳಗಿಂದ. "ಏಳ್ಲಾ?"

ಬಾಲ್ತಸಾರ ಬಗ್ಗಲಿಲ್ಲ. ಆದರೆ ಅವನು ಹೇಳಿದ್ದು ಮುಂದಿನ ಸಾಲಿನವರಿಗೆ ಕೇಳಿಸಿತು, ಅವರಿಂದ ಹಿಂದಿನವರಿಗೆ ಹೋಯಿತು, ಸಂಜೆಯೊಳಗೆ ಪಕ್ಕದ ಮೂರು ಊರಿಗೆ ಮುಟ್ಟಿತು.

"ಇನ್ನೊಂಚೂರು ಹೊತ್ತು ಮಲಗಿರಪ್ಪ," ಎಂದ.

ಎಷ್ಟು ಹೊತ್ತು ಎಂಬುದರ ಬಗ್ಗೆ ಊರಿನಲ್ಲಿ ಒಮ್ಮತವಿಲ್ಲ. ಒಂದು ಕಡುಬು ತಿಂದು ಮುಗಿಸುವಷ್ಟು ಎನ್ನುವವರಿದ್ದಾರೆ. ಮಾತಿಯಾಸ, ತಗಡಿನ ಅಂಗಿಯಲ್ಲಿ ಬಿಸಿಲಿಗೆ ಬಿದ್ದಿದ್ದವನು, ಅರ್ಧ ದಿನ ಎನ್ನುತ್ತಾನೆ. ಅಷ್ಟು ಹೊತ್ತು ಚುವಾಬಾದಲ್ಲಿ ಯಾವ ಹಡಗೂ ಬಂದಿರಲಿಲ್ಲ. ಜನ ಸುಮ್ಮನೆ ನಿಂತು ಅದನ್ನು ನೋಡಿದರು. ನೋಡಲು ಏನೂ ಇರಲಿಲ್ಲ, ಆದರೂ ನೋಡಿದರು.

ಆಮೇಲೆ ರಾಜ ಕೊಡಲಿಯನ್ನು ಎಲೆಯ ಮೇಲೆ ಇಟ್ಟು, ಅಳಿಯನ ಕೈಹಿಡಿದು ಎಬ್ಬಿಸಿ, ಅವನ ಓರೆಯಾದ ಮೀಸೆಯನ್ನು ನೆಟ್ಟಗೆ ಮಾಡಿದ. ಎರಡೂ ತೋಳು ಬಿಚ್ಚಿ ನಿಂತ. ಸಿಪ್ರಿಯಾನ ಪೀಪಿಯವನಿಗೆ ಸನ್ನೆ ಮಾಡಿದ. ಹನ್ನೊಂದು ಮಂದಿ ಬಸ್ಸಿನ ದಾರಿಯಿಂದ ವಾಪಸು ಬಂದರು, ಹೋಗುವಾಗ ಇದ್ದದ್ದಕ್ಕಿಂತ ನಿಧಾನವಾಗಿ. ಮಾತಿಯಾಸನ ಕತ್ತಿ ಏಳಲು ಎರಡು ಸಲ ಪ್ರಯತ್ನ ಬೇಕಾಯಿತು.

ಆ ವರ್ಷದಂಥ ಅಳು ಚೌಕ ಕೇಳಿರಲಿಲ್ಲ. ಹೆಂಗಸರಷ್ಟೇ ಅಲ್ಲ, ಗಂಡಸರು ಅತ್ತರು. ಗುಲಾಬಿ ಮುಖವಾಡಗಳ ಒಳಗಿಂದ ಮೂಗು ಸೇದುವ ಸದ್ದು ಬಂತು. ದೊಮಿಂಗೊ ಎಲ್ಲರಿಗಿಂತ ಗಟ್ಟಿಯಾಗಿ ಅತ್ತ. ತಾನೇ ಅಷ್ಟು ವರ್ಷ ಸತ್ತಿದ್ದರೂ ಇದು ಇಷ್ಟು ದುಃಖದ ಸಂಗತಿಯೆಂದು ಪೆಟ್ಟಿಗೆಯೊಳಗೆ ತನಗೆ ತಿಳಿದಿರಲಿಲ್ಲ ಎಂದು ಆಮೇಲೆ ಹೇಳಿಕೊಂಡ. ನಾಲ್ವರು ಬಾಲ್ತಸಾರನನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಹೂವಿನ ಬುಟ್ಟಿಯಂತೆ ಎತ್ತಿದರು. ಅವನು ಕಣ್ಣು ಮುಚ್ಚಿ, ಮೈಯೆಲ್ಲ ಕಿವಿಯಾಗಿ ಕಾದ. ನೂರು ಅಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ. ಮೆಣಸಿನಕಾಯಿಯವಳದು ಇತ್ತು. ಮಗಳದು ಇತ್ತು. ತಿಬುರ್ಸಿಯಾ ಅಜ್ಜಿಯದು, ಒಣ ಎಲೆಯಂಥದು, ಇತ್ತು. ಮೇಲಕ್ಕೇರಿ, ನಡುವೆ ಕಡಿದು, ಮತ್ತೆ ಗಂಟು ಹಾಕಿಕೊಳ್ಳುವ ಆ ಅಳು ಇರಲಿಲ್ಲ.

ಚೌಕವನ್ನು ಪೂರ್ತಿ ಮೂರು ಸುತ್ತು ಹಾಕಿದರು. ಇರಲಿಲ್ಲ. ಕೇಳಿಸಿದ್ದು ಪೆಟ್ಟಿಗೆಯ ಪಕ್ಕದಲ್ಲೇ ಒಂದು ಬೈಗುಳ. "ಮೆಟ್ಟಿಲು ನೋಡ್ಕೊಂಡು ಹೋಗ್ರೋ. ಹೋದ ವರ್ಷ ಒಬ್ಬನನ್ನ ಕೆಡವಿದ್ದು ಸಾಲದಾ?" ಕೊಲಾಸ ಹೆಂಗಸರ ಮೂಲೆ ಬಿಟ್ಟು ಬಂದು, ಪೆಟ್ಟಿಗೆಯ ಅಂಚಿಗೆ ಒಂದು ಕೈ ಕೊಟ್ಟು, ಮೂರು ಸುತ್ತೂ ಜೊತೆಗೇ ನಡೆದಿದ್ದಳು. ಒಣ ಕಣ್ಣಿನಲ್ಲಿ.

ಹೊತ್ತು ಮುಳುಗುವ ಮೊದಲೇ ಮನೆ ಸೇರಿದರು. ಜಗುಲಿಯ ತುಂಬ ಊರಿನವರು ಕಳಿಸಿದ ಸಾರಿನ ಬೋಗುಣಿಗಳು. ಬಾಲ್ತಸಾರ ಒಂದನ್ನೂ ಮುಟ್ಟಲಿಲ್ಲ. ಮಗ್ಗದ ಹಲಗೆಯ ಮೇಲೆ ಕೂತು, ತುಳಿಯದೆ, ಕೇಳಿಯೇಬಿಟ್ಟ.

"ದೊಮಿಂಗೊ ಸತ್ತಾಗೆಲ್ಲ ಅತ್ತೆ. ಇವತ್ತು ಯಾಕೆ ಅಳ್ಲಿಲ್ಲ?"

ಕೊಲಾಸ ಒಲೆಯ ಮೇಲೆ ರೊಟ್ಟಿ ತಿರುವಿಹಾಕುತ್ತಿದ್ದಳು. ತಿರುಗಿ ನೋಡಲಿಲ್ಲ.

"ದೊಮಿಂಗೊಗೆ ಯಾರು ಅತ್ರು?" ಎಂದಳು. "ಆ ಹಾಳು ಮುಖ ಹಾಕ್ಕೊಂಡು ಪ್ರತಿ ವರ್ಷ ಕೊಲ್ಲಬೇಕಾಗಿತ್ತಲ್ಲ ನೀನು. ಕೊಂದು, ಅಷ್ಟು ಜನರ ಎದುರು ಒಬ್ಬನೇ ನಿಲ್ಲಬೇಕಾಗಿತ್ತಲ್ಲ. ಅದಕ್ಕೆ ಅತ್ತೆ. ಇವತ್ತು ಅಳಕ್ಕೆ ಏನಿತ್ತು? ಬಿದ್ದು ಹಾಯಾಗಿ ಮಲಗಿದ್ದೆ."

ರೊಟ್ಟಿಯೊಂದು ಉಬ್ಬಿ ಇಳಿಯಿತು. ಇಪ್ಪತ್ತೇಳು ವರ್ಷ ಆ ಅಳು ಅವನ ಕಡೆಗೇ ಬರುತ್ತಿತ್ತು, ಅವನೇ ನೆಲದ ಮೇಲಿನ ಹೆಣಕ್ಕೆ ಅದನ್ನು ದಾಟಿಸುತ್ತಿದ್ದ. ಆ ವರ್ಷಗಳಲ್ಲಿ ಒಂದನ್ನಾದರೂ ಮತ್ತೆ 'ಇನ್ನೊಂಚೂರು ಹೊತ್ತು' ಎಂದು ನಿಲ್ಲಿಸಿಕೊಳ್ಳುವ ಹಾಗಿದ್ದರೆ! ಸಂಜೆ ಮಾತಿಯಾಸ ಗುಲಾಬಿ ಮುಖವನ್ನು ವೇಷಗಳನ್ನು ಇಡುವ ಮನೆಗೆ ಹಿಂತಿರುಗಿಸಲು ಬಟ್ಟೆ ಸುತ್ತುತ್ತಿದ್ದಾಗ ಬಾಲ್ತಸಾರ ಅದನ್ನು ಇಸಿದುಕೊಂಡು ಒಳಬದಿಯನ್ನು ನೋಡಿದ. ಮರ ಅವನ ಹಣೆಯ, ಮೂಗಿನ, ಕೆನ್ನೆಯ ಬೆವರು ಕುಡಿದು ಕಪ್ಪಾಗಿ, ನುಣುಪಾಗಿ, ಅವನದೇ ಆಕಾರ ತಳೆದಿತ್ತು. ಕೊಲಾಸ ಒರೆಸಿ ಕೊಡು ಎಂದಳು. ಅವನು ಹೊರಬದಿಯನ್ನು ಮಾತ್ರ ಒರೆಸಿದ.

ಅದಾದ ಮೇಲೆ ಒಂಬತ್ತು ವರ್ಷ ಅವನೇ ರಾಜ. ಸರದಾರಿಕೆಯನ್ನು ಹಿಂದಕ್ಕೆ ಕೇಳಲು ಒಮ್ಮೆ ಸಿಪ್ರಿಯಾನನ ಮನೆಯ ಬಾಗಿಲಿನವರೆಗೆ ಹೋಗಿ, ಸೀಸೆಯ ಸಮೇತ ಹಿಂದಿರುಗಿದನಂತೆ. ಮುಖ ಈಗ ಮಾತಿಯಾಸನದು, ಅದರ ಒಳಬದಿ ಬೇರೆ ಆಕಾರ ಕಲಿಯುತ್ತಿತ್ತು. ಹೆಂಗಸರ ಮೂಲೆಯಲ್ಲಿ ಈಗ ಅಳುತ್ತಿದ್ದವಳು ಮಗಳು, ಮಾತಿಯಾಸನ ಹೆಂಡತಿ. ಬಾಲ್ತಸಾರನ ಕೈ ಮತ್ತೆಂದೂ ತಪ್ಪಲಿಲ್ಲ. ಆದರೆ ಪ್ರತಿ ವರ್ಷ ಚೂಪು ಸ್ವರ ಬಂದಾಗ ಅವನು ಕೂಡಲೇ ತೋಳು ಬಿಚ್ಚುತ್ತಿರಲಿಲ್ಲ. ಒಂದಿಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿದ್ದ. ಪೀಪಿಯವನು ಉಸಿರು ಹಿಡಿದು ಸ್ವರವನ್ನು ಎಳೆದುಕೊಡುತ್ತಿದ್ದ, ಮಾತಿಯಾಸ ಕತ್ತಿ ಎತ್ತದೆ ಕಾಯುತ್ತಿದ್ದ, ಜನ ಅವನ ಬಲಗೈಯನ್ನೇ ನೋಡುತ್ತಿದ್ದರು. ಪುಸ್ತಕದಲ್ಲಿ ಅದು ಇಲ್ಲ. ಸಿಪ್ರಿಯಾನ ಬರೆಯಲೂ ಇಲ್ಲ, ಬೇಡವೆನ್ನಲೂ ಇಲ್ಲ.

ಬಾಲ್ತಸಾರ ಒಂದು ಫೆಬ್ರವರಿಯಲ್ಲಿ ನಿಜವಾಗಿಯೇ ಹೋದ, ಮಗ್ಗದ ಮುಂದೆ ಕೂತಲ್ಲೇ. ಎಳೆ ತಪ್ಪಿರಲಿಲ್ಲ. ಪೆಟ್ಟಿಗೆಗೆ ಹೆಗಲು ಕೊಟ್ಟವರು ಅದೇ ನಾಲ್ವರು. ಅವರ ಹಿಂದೆ ಒಂದು ಅಳು ಮೇಲಕ್ಕೇರಿ, ನಡುವೆ ಕಡಿಯಿತು. ಮತ್ತೆ ಗಂಟು ಹಾಕಿಕೊಳ್ಳಲು ಅದಕ್ಕೆ ಬಹಳ ಹೊತ್ತು ಬೇಕಾಯಿತು.

ಈಗ ಬೇರೆ ಯಾರೋ ರಾಜ. ಆ ನಿಲುಗಡೆ ಮಾತ್ರ ಉಳಿದುಕೊಂಡಿದೆ. ಸ್ವರ ಏಳುತ್ತದೆ, ರಾಜ ಸುಮ್ಮನೆ ನಿಲ್ಲುತ್ತಾನೆ, ಕತ್ತಿ ಕಾಯುತ್ತದೆ, ಯಾರೂ ಕೆಮ್ಮುವುದಿಲ್ಲ. ಅಷ್ಟು ಹೊತ್ತಿನಲ್ಲಿ ಗುಲಾಬಿ ಮುಖದವರಲ್ಲಿ ಒಬ್ಬನಾದರೂ, ಪ್ರತಿ ವರ್ಷ, ಕತ್ತು ಹೊರಳಿಸಿ ಬಸ್ಸಿನ ದಾರಿಯ ಕಡೆ ನೋಡುತ್ತಾನೆ.